ಕೈಯಲ್ಲಿ ಕೋವಿ, ಕಾನೂನು ಮಾತ್ರ ಇಂಗ್ಲಿಷಿನಲ್ಲಿ!

ಕನ್ನಡದ ತರುಣರೇ, 2023ರ ಡಿಸೆಂಬರಿನಲ್ಲಿ ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡ ಇರಲೇಬೇಕೆಂದು ಬೆಂಗಳೂರಿನ ಬೀದಿಗಿಳಿದಿರಿ. ಸಂತೋಷ. ಅಂಗಡಿಯ ಬೋರ್ಡು ಓದಲು ಬಾರದಿದ್ದರೆ ಹೆಚ್ಚೆಂದರೆ ಒಂದು ಅಂಗಡಿ ತಪ್ಪುತ್ತದೆ, ಪಕ್ಕದ ಅಂಗಡಿಯಲ್ಲಿ ಬೇಳೆ ಸಿಗುತ್ತದೆ. ಆದರೆ ಓದಲು ಬಾರದಿದ್ದರೆ ಜೈಲಿಗೇ ತಳ್ಳಬಲ್ಲ ಕಾಗದವೊಂದು ನಮ್ಮ ಹಳ್ಳಿಗಳ ಟ್ರಂಕುಗಳಲ್ಲಿ ಬೆಚ್ಚಗೆ ಮಲಗಿದೆ. ಅದು ಬಂದೂಕಿನ ಲೈಸೆನ್ಸು. ಅದರ ಬಗ್ಗೆ ಇವತ್ತಿನವರೆಗೆ ಯಾವ ಕನ್ನಡ ಸಂಘಟನೆಯೂ ಒಂದು ಕರಪತ್ರ ಹಂಚಿದ್ದನ್ನು ನಾವು ಕಂಡಿಲ್ಲ.

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯ ಕಡೆ ಹೋಗಿ ನೋಡಿ. ಒಂದು ಕಡೆ ಕಬ್ಬು, ಒಂದು ಕಡೆ ರಾಗಿ, ಆಚೆಗೆ ಮೇಲುಕೋಟೆಯ ಬೆಟ್ಟಸಾಲು. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ಟಾರ್ಚು ಹಿಡಿದು ಮೋಟರು ಹಾಕಲು ಹೊರಡಬೇಕು. ಕಬ್ಬಿನ ಗದ್ದೆಯೊಳಗೆ ಹಂದಿಯ ಹಿಂಡು. ಹಂದಿ ಇಲ್ಲದ ರಾತ್ರಿ ಚಿರತೆ. ಬೋನು ಇಟ್ಟು ಚಿರತೆ ಹಿಡಿಯುವುದು ಮಂಡ್ಯ ಜಿಲ್ಲೆಯಲ್ಲಿ ಈಗ ಸುದ್ದಿಯೇ ಅಲ್ಲ. ಇಂಥ ಕಡೆ ಅಪ್ಪನ ಕಾಲದ ಒಂಟಿ ನಳಿಕೆಯ ಬಂದೂಕನ್ನು ಲೈಸೆನ್ಸು ಮಾಡಿಸಿ ಇಟ್ಟುಕೊಂಡಿರುವ ರೈತ ರೌಡಿಯಲ್ಲ, ಸಿನಿಮಾ ವಿಲನ್ನೂ ಅಲ್ಲ. ಅವನಿಗೆ ಅದು ಗುದ್ದಲಿ, ಕುಡುಗೋಲಿನ ಜೊತೆಗೆ ಇನ್ನೊಂದು ಸಾಮಾನು.

ಅಂಥವರೊಬ್ಬರು ನಮ್ಮ ಹುಡುಗರಿಗೆ ಹೇಳಿದ ಮಾತುಗಳನ್ನು ಕೇಳಿ. ಅರವತ್ತು ದಾಟಿದ ಗೌಡರು. ಹೆಸರು ಬೇಡ. "ನನ್ ಹೊಲಕ್ಕೆ ಹಂದಿ ಬಂದ್ರೆ ಹೊಡೆಯೋಕೆ ಅಂತಾನೇ ಸರ್ಕಾರ ಕೋವಿ ಕೊಟ್ಟಿರೋದು ಕಣಪ್ಪ. ರಾತ್ರಿ ಮೋಟರು ಕದಿಯೋಕೆ ಬಂದವನನ್ನ ಸುಟ್ರೆ ಕೇಸಿಲ್ಲ. ಮನೆಮನೆಗೂ ಒಂದು ಕೋವಿ ಕೊಟ್ಟುಬಿಟ್ರೆ ಪೊಲೀಸ್ರೇ ಬೇಡ. ಎಲೆಕ್ಷನ್ ಬಂದ್ರೆ ಮಾತ್ರ ನಮ್ ಕೋವಿ ಠಾಣೆಗೆ, ಅವ್ರ ಗನ್‌ಮ್ಯಾನ್ ಅವ್ರ ಹಿಂದೆ!" ಪಕ್ಕದಲ್ಲಿ ಕೂತಿದ್ದವರೆಲ್ಲ ಹೌದು ಹೌದು ಎಂದು ತಲೆದೂಗಿದರು. ಗೌಡರ ಈ ನಾಲ್ಕು ಮಾತುಗಳಲ್ಲಿ ಎರಡು ಅವರನ್ನು ಸೀದಾ ಜೈಲಿಗೆ ಕರೆದೊಯ್ಯುತ್ತವೆ. ಒಂದು ಮಾತನ್ನು ನಾವು ಒಪ್ಪುವುದಿಲ್ಲ. ಕೊನೆಯದು ಮಾತ್ರ ಚಿನ್ನದಂಥ ಮಾತು.

ಮೊದಲು ಹಂದಿಯ ವಿಚಾರ. 1959ರ ಆಯುಧ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ಕಾಯುವುದಕ್ಕೆಂದು ನಳಿಕೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡುವ ಮಾತಿದೆ. ಸರಿ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಂಬುದು ಇನ್ನೊಂದಿದೆ. ಅದರ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರವುಳ್ಳ ಅಧಿಕಾರಿಯ ಅನುಮತಿ ಇಲ್ಲದೆ ಕಾಡುಹಂದಿಯನ್ನು ಹೊಡೆದರೆ ಅದು ಬೇಟೆ, ಬೇಟೆಯೆಂದರೆ ಅಪರಾಧ. ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಿಕೊಳ್ಳಲು ಪ್ರಾಮಾಣಿಕವಾಗಿ ಹೊಡೆದರೆ ತಪ್ಪಲ್ಲ ಎಂದು 11ನೇ ಕಲಮು ಹೇಳುತ್ತದೆ. ಜೀವಕ್ಕೆ ಮಾತ್ರ ಆ ರಿಯಾಯಿತಿ. ಕಬ್ಬಿಗೆ ಇಲ್ಲ! ಒಂದು ಕಾಯ್ದೆ ಬೆಳೆ ಕಾಯಲು ಕೋವಿ ಕೊಡುತ್ತದೆ, ಇನ್ನೊಂದು ಕಾಯ್ದೆ ಕುದುರೆ ಒತ್ತಬೇಡ ಎನ್ನುತ್ತದೆ. ಎರಡೂ ದಿಲ್ಲಿಯಲ್ಲೇ ಹುಟ್ಟಿದ ಕಾಯ್ದೆಗಳು. ಎರಡರ ನಡುವೆ ಸಿಕ್ಕಿಕೊಂಡವನು ದುದ್ದದ ರೈತ. ಗಾಳಿಯಲ್ಲೊಂದು ಗುಂಡು ಹಾರಿಸಿ ಹೆದರಿಸುವುದಷ್ಟೇ ಅವನಿಗೆ ಉಳಿದದ್ದು. ಬೇರೆ ದಾರಿ ಕಾಣದವರು ಬೇಲಿಗೆ ಕರೆಂಟು ಕೊಡುತ್ತಾರೆ. ಹಂದಿಯ ಬದಲು ಪಕ್ಕದ ಹೊಲದವನೇ ಅದಕ್ಕೆ ಸಿಕ್ಕಿ ಸಾಯುತ್ತಾನೆ. ಇದು ಕೋವಿಗಿಂತ ಘೋರ.

ಇನ್ನು ಮೋಟರು ಕಳ್ಳನ ಮಾತು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಯಿತು, ಹೊಸದು ಬಂತು. ಹೊಸದರ ಹೆಸರು ನೋಡಿ: ಭಾರತೀಯ ನ್ಯಾಯ ಸಂಹಿತಾ! ಇಂಗ್ಲಿಷ್ ಪ್ರತಿಯಲ್ಲೂ ಅದೇ ಹೆಸರು. ಹಿಂದಿಯ ಹೆಸರನ್ನು ಇಂಗ್ಲಿಷಿನ ಕಾಯ್ದೆಗೆ ಅಂಟಿಸಿ ಇಡೀ ದೇಶದ ಮೇಲೆ ಹೊರಿಸಿದ್ದಾರೆ. ಆ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿ ಆತ್ಮರಕ್ಷಣೆಯ ಹಕ್ಕಿನ ವಿವರವಿದೆ. ಹಕ್ಕು ಇದೆ, ಇಲ್ಲವೆಂದು ಯಾರೂ ಹೇಳುವುದಿಲ್ಲ. ದರೋಡೆ ನಡೆಯುವಾಗ, ಸೂರ್ಯ ಮುಳುಗಿದ ಮೇಲೆ ಕನ್ನ ಹಾಕಿ ಮನೆಗೆ ನುಗ್ಗುವಾಗ, ವಾಸದ ಮನೆಗೆ ಬೆಂಕಿ ಇಡುವಾಗ ಎದುರಾಳಿಯ ಪ್ರಾಣ ಹೋದರೂ ಅದು ರಕ್ಷಣೆಯೇ ಆಗಬಹುದು ಎಂದು 41ನೇ ಕಲಮು ಹೇಳುತ್ತದೆ. ಬರೀ ಕಳ್ಳತನಕ್ಕೆ ಹಾಗಿಲ್ಲ. ಕಳ್ಳನಿಂದ ಸಾವೋ ಭಾರೀ ಗಾಯವೋ ಆದೀತೆಂಬ ನಿಜವಾದ ಭಯ ಇರಬೇಕು. ಜೊತೆಗೆ, ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಬಯಲಿನಲ್ಲಿ ಕೇಬಲ್ಲು ಕತ್ತರಿಸಿಕೊಂಡು ಓಡುವವನ ಬೆನ್ನಿಗೆ ಗೌಡರು ಗುಂಡು ಹೊಡೆದರೆ ಕಳ್ಳನಿಗೆ ಕಳ್ಳತನದ ಕೇಸು, ಗೌಡರಿಗೆ ಕೊಲೆಯ ಕೇಸು. ಜಮೀನು ಮಾರಿ ವಕೀಲರಿಗೆ ಕೊಡಬೇಕು.

ಈಗ ನಮ್ಮ ಪ್ರಶ್ನೆ. ಗೌಡರಿಗೆ ಇದನ್ನು ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಟೀ ಅಂಗಡಿ ಹೇಳಿಕೊಟ್ಟಿತು. ಸಿನಿಮಾ ಹೇಳಿಕೊಟ್ಟಿತು. ಮೊಮ್ಮಗನ ಮೊಬೈಲಿಗೆ ಬಂದ ವಾಟ್ಸಾಪ್ ಹೇಳಿಕೊಟ್ಟಿತು. ಅವರು ನಮಗೆ ತೋರಿಸಿದ ಲೈಸೆನ್ಸು ಪುಸ್ತಕದಲ್ಲಿ ಷರತ್ತುಗಳು ಸಾಲುಗಟ್ಟಿ ನಿಂತಿದ್ದವು, ಎಲ್ಲವೂ ಇಂಗ್ಲಿಷಿನಲ್ಲಿ. ಗೌಡರು ಕನ್ನಡದಲ್ಲಿ ಏಳನೇ ತರಗತಿ ಓದಿದವರು, ದಿನಾ ಪೇಪರು ಓದುತ್ತಾರೆ. ಓದು ಬಾರದವರಲ್ಲ ಸ್ವಾಮಿ! ಅವರು ಓದಬಲ್ಲ ಭಾಷೆಯಲ್ಲಿ ಕಾನೂನು ಬರೆದುಕೊಡದವರು ನೀವು. ಆ ಷರತ್ತುಗಳಲ್ಲಿ ಒಂದನ್ನು ಮೀರಿದರೂ 30ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ ಎರಡು ಸಾವಿರ ದಂಡ, ಇಲ್ಲವೇ ಎರಡೂ.

ಇಷ್ಟಕ್ಕೇ ಮುಗಿಯುವುದಿಲ್ಲ. 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಅದು ಎರಡಕ್ಕಿಳಿಯಿತು. ಮೂರು ವರ್ಷದ ಲೈಸೆನ್ಸು ಐದು ವರ್ಷವಾಯಿತು. ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು. ಮದುವೆ, ಮೆರವಣಿಗೆ, ಜಾತ್ರೆಯ ಸಂಭ್ರಮದಲ್ಲಿ ಜನರ ಪ್ರಾಣಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸಜೆ, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಪ್ಪ ತೀರಿಕೊಂಡ ಮೇಲೆ ಅಟ್ಟದ ಮೇಲಿನ ಕೋವಿಯನ್ನು ಹಾಗೆಯೇ ಬಿಟ್ಟ ಮಗ ಇವತ್ತು ಯಾವ ಸೀಮೆಯ ಅಪರಾಧಿ ಎಂಬುದು ಅವನಿಗೇ ಗೊತ್ತಿಲ್ಲ. ತನ್ನ ಹೆಸರಿಗೆ ಲೈಸೆನ್ಸು ಇಲ್ಲದೆ ಕೋವಿ ಇಟ್ಟುಕೊಂಡವನಿಗೆ ಕಾನೂನಿನ ಕಣ್ಣಲ್ಲಿ ಅಪ್ಪನ ನೆನಪು ಲೆಕ್ಕಕ್ಕಿಲ್ಲ. ದಿಲ್ಲಿಯ ಗೆಜೆಟ್ಟು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಅಚ್ಚಾಯಿತು. ಕಾನೂನು ಗೊತ್ತಿರಲಿಲ್ಲ ಎಂಬುದು ನ್ಯಾಯಾಲಯದಲ್ಲಿ ಉತ್ತರವಲ್ಲ. ಲಖನೌದ ರೈತ ತನ್ನ ನುಡಿಯಲ್ಲೇ ಗೆಜೆಟ್ಟು ಓದಿಕೊಳ್ಳಬಹುದು, ದುದ್ದದವನು ಟೀ ಅಂಗಡಿಯಲ್ಲಿ ಕೇಳಿಕೊಳ್ಳಬೇಕು. ಇದಕ್ಕಿಂತ ದೊಡ್ಡ ಹಿಂದಿ ಹೇರಿಕೆ ಯಾವುದಿದೆ ಹೇಳಿ? ಮೆಟ್ರೋ ಬೋರ್ಡು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ.

ಕೊಡಗಿನ ಉದಾಹರಣೆ ಕೊಡುವವರಿದ್ದಾರೆ. ಅಲ್ಲಿ ಲೈಸೆನ್ಸೇ ಬೇಡವಲ್ಲ, ನಮಗೇಕೆ ಬೇಕು ಎಂದು. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದ ಆದೇಶದಿಂದ ಕೊಡವರಿಗೆ ಬಂದ ವಿನಾಯಿತಿ ಅದು. 1857 ಕಳೆದ ಮೇಲೆ ಬ್ರಿಟಿಷರು ದೇಶದ ಕೈಯಿಂದ ಆಯುಧ ಕಿತ್ತುಕೊಳ್ಳುತ್ತಿದ್ದ ಹೊತ್ತಿನಲ್ಲಿ ಕೊಡಗಿಗೆ ಸಿಕ್ಕ ಗೌರವ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಜನ ಅವರು. ಕೊಡವರ ಮತ್ತು ಜಮ್ಮಾ ಹಿಡುವಳಿದಾರರ ಈ ವಿನಾಯಿತಿಯನ್ನು ಕೇಂದ್ರ 2019ರಲ್ಲಿ 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅವರದು ಅವರಿಗಿರಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಮಂಡ್ಯದವರು ಕೇಳುತ್ತಿರುವುದು ವಿನಾಯಿತಿಯನ್ನಲ್ಲ, ವಿವರಣೆಯನ್ನು.

ಮನೆಮನೆಗೂ ಕೋವಿ ಎಂಬ ಮಾತನ್ನು ಮಾತ್ರ ನಾವು ಗೌಡರ ಮುಖಕ್ಕೇ ಬೇಡ ಎಂದೆವು. ಅಮೆರಿಕದಲ್ಲಿರುವ ನಮ್ಮವರೂ ಫೋನಿನಲ್ಲಿ ಈ ಮಾತು ಆಡುವುದುಂಟು. ಅಲ್ಲಿ 1791ರ ಎರಡನೇ ತಿದ್ದುಪಡಿಯಿಂದ ಬಂದೂಕು ಸಂವಿಧಾನದ ಹಕ್ಕು. ಇಲ್ಲಿ ಅದು ಸರ್ಕಾರದ ಅನುಮತಿ, ಅಷ್ಟೆ. ಅಲ್ಲಿನ ಶಾಲೆಗಳಲ್ಲಿ ಮಕ್ಕಳ ಹೆಣ ಎಣಿಸುವುದನ್ನು ನೋಡಿದ ಮೇಲೂ ಆ ಹಕ್ಕು ಬೇಕೆನ್ನುವವರು ನಮ್ಮ ನಾಡಿನ ಎರಡು ಹೊಸ್ತಿಲುಗಳನ್ನು ನೆನೆಯಲಿ. 2015ರ ಆಗಸ್ಟ್ 30, ಧಾರವಾಡ: ಬಾಗಿಲು ತೆರೆದ ಡಾ. ಎಂ.ಎಂ. ಕಲಬುರ್ಗಿಯವರ ಮೇಲೆ ಗುಂಡು. 2017ರ ಸೆಪ್ಟೆಂಬರ್ 5, ಬೆಂಗಳೂರಿನ ರಾಜರಾಜೇಶ್ವರಿನಗರ: ಕೆಲಸ ಮುಗಿಸಿ ಮನೆ ಸೇರುತ್ತಿದ್ದ ಗೌರಿ ಲಂಕೇಶರ ಮೇಲೆ ಗುಂಡು. ವಚನಗಳ ವಿದ್ವಾಂಸ, ಕನ್ನಡ ವಾರಪತ್ರಿಕೆಯ ಸಂಪಾದಕಿ. ಇಬ್ಬರನ್ನೂ ಬಲಿ ತೆಗೆದುಕೊಂಡದ್ದು ಲೈಸೆನ್ಸಿನ ಹಂಗೇ ಇಲ್ಲದ 7.65 ಎಂ.ಎಂ. ನಾಡ ಪಿಸ್ತೂಲು. ಅವರ ಕೈಯಲ್ಲೊಂದು ಪಿಸ್ತೂಲು ಇದ್ದಿದ್ದರೆ? ಕಾದು ಕೂತು ಬಂದವನ ಎದುರು ಕೈಚೀಲದೊಳಗಿನ ಪಿಸ್ತೂಲು ಏನು ಮಾಡೀತು? ಕೊಲ್ಲಲು ಬಂದವನಿಗೆ ಕ್ಷಣ ಗೊತ್ತಿರುತ್ತದೆ, ಸಾಯುವವರಿಗೆ ಗೊತ್ತಿರುವುದಿಲ್ಲ. ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ನಿಜಾನೇ ಅನ್ನು" ಅಂದರು.

ನಮ್ಮ ಹೋರಾಟದಲ್ಲೂ ಬಿಸಿರಕ್ತದ ಕೆಲವರು ಆಗಾಗ ಕೋವಿಯ ಮಾತಾಡುತ್ತಾರೆ. ಬೇಡ ತಮ್ಮಂದಿರಾ. 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆ ಮುರಿದು ಬಾವುಟ ಹಾರಿಸಿದ ಮದ್ದೂರಿನ ಶಿವಪುರ ನಿಮ್ಮ ದುದ್ದದ ಜಿಲ್ಲೆಯದೇ. ಅಲ್ಲಿ ಒಂದು ಕೋವಿಯೂ ಇರಲಿಲ್ಲ. ಗೋಕಾಕ್ ಚಳವಳಿ ಗೆದ್ದದ್ದೂ ಜನಸಾಗರದಿಂದ. ಕೋವಿ ನಂಬಿದವನೊಬ್ಬ 2000ದ ಜುಲೈನಲ್ಲಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಹೊತ್ತೊಯ್ದು 108 ದಿನ ಕಾಡಿನಲ್ಲಿಟ್ಟುಕೊಂಡ, ಇಡೀ ನಾಡು ಉಸಿರು ಬಿಗಿಹಿಡಿದು ಕೂತಿತು. ಬಂದೂಕಿನ ರಾಜಕಾರಣದ ರುಚಿ ಕನ್ನಡಿಗರಿಗೆ ಸಾಕಷ್ಟು ಗೊತ್ತಿದೆ.

ಕೊನೆಗೆ ಗೌಡರ ಚಿನ್ನದಂಥ ಮಾತಿಗೆ ಬರೋಣ. 2024ರ ಲೋಕಸಭಾ ಚುನಾವಣೆ. ಮಾರ್ಚ್ 16ಕ್ಕೆ ನೀತಿ ಸಂಹಿತೆ ಜಾರಿ. ಮಂಡ್ಯದಲ್ಲಿ ಮತದಾನ ಏಪ್ರಿಲ್ 26ಕ್ಕೆ ಮುಗಿಯಿತು. ದೇಶದ ಎಣಿಕೆ ಜೂನ್ 4ಕ್ಕೆ. ಎಂಬತ್ತು ದಿನ! ಠಾಣೆಗೆ ಒಪ್ಪಿಸಿದ ಕೋವಿ ಎಣಿಕೆ ಮುಗಿದ ಮೇಲೂ ಕೆಲವು ದಿನ ಅಲ್ಲೇ. ಆ ಎಂಬತ್ತು ದಿನ ಹಂದಿಗಳಿಗೆ ಯಾವ ನೀತಿ ಸಂಹಿತೆಯೂ ಇರಲಿಲ್ಲ. ಮುಖಂಡರ ಹಿಂದೆ ಗನ್‌ಮ್ಯಾನ್‌ಗಳು ಎಂದಿನಂತೆ ಮೀಸೆ ತಿರುವುತ್ತಲೇ ಇದ್ದರು.

ಇಲ್ಲಿಯೇ ನೋಡಿ, ಕಾನೂನು ಕನ್ನಡದಲ್ಲಿ ಇಲ್ಲದ್ದರ ಮಹಿಮೆ. ಲೈಸೆನ್ಸು ಇರುವ ಎಲ್ಲರೂ ಕಣ್ಣುಮುಚ್ಚಿ ಕೋವಿ ಒಪ್ಪಿಸಲೇಬೇಕೆಂದು ಚುನಾವಣಾ ಆಯೋಗ ಹೇಳಿಲ್ಲ. ಬಾಂಬೆ ಹೈಕೋರ್ಟಿನ ತೀರ್ಪಾದ ಮೇಲೆ 2009ರಲ್ಲಿ ಆಯೋಗ ಹೊರಡಿಸಿದ ಸೂಚನೆಯಲ್ಲಿ ಪ್ರತಿ ಜಿಲ್ಲೆಗೂ ಒಂದು ಪರಿಶೀಲನಾ ಸಮಿತಿ ಇರಬೇಕೆಂದಿದೆ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆ ಮಾಡಿದವರು, ಅದರಲ್ಲೂ ಚುನಾವಣೆಯ ಹೊತ್ತಿನಲ್ಲಿ ಮಾಡಿದವರು, ಇಂಥವರ ಪ್ರಕರಣಗಳನ್ನು ಆ ಸಮಿತಿ ಒಂದೊಂದಾಗಿ ನೋಡಿ ತೀರ್ಮಾನಿಸಬೇಕು. ಒಂದು ಕೇಸೂ ಇಲ್ಲದ, ಒಂಟಿ ಮನೆಯಲ್ಲಿರುವ ರೈತ "ನನ್ನ ವಿಚಾರ ಸಮಿತಿ ನೋಡಿದೆಯೇ?" ಎಂದು ಬರೆದು ಕೇಳಬಹುದು. ಗೌಡರು ಕೇಳಿಲ್ಲ. ಊರಿನಲ್ಲಿ ಯಾರೂ ಕೇಳಿಲ್ಲ. ಠಾಣೆಯಿಂದ ಫೋನು ಬರುತ್ತದೆ, ಕೋವಿಗೆ ಗೋಣಿಚೀಲ ಸುತ್ತಿ ಬಸ್ಸು ಹತ್ತುತ್ತಾರೆ. ಕೇಳಬಹುದೆಂಬುದೇ ಗೊತ್ತಿಲ್ಲದವನು ಏನು ಕೇಳಿಯಾನು?

ಕೇಂದ್ರದ ಕಾಯ್ದೆ, ನಾವೇನು ಮಾಡಲಾದೀತು ಎಂದು ವಿಧಾನಸೌಧದವರು ಕೈತೊಳೆದುಕೊಳ್ಳುವಂತಿಲ್ಲ. ಕೇಂದ್ರದ ಕಾಯ್ದೆಗಳ ಪ್ರಾದೇಶಿಕ ಭಾಷೆಯ ಪಠ್ಯಕ್ಕೆ ಅಧಿಕೃತ ಮಾನ್ಯತೆ ಕೊಡುವ ಕಾನೂನು 1973ರಿಂದಲೂ ಇದೆ. ನಮ್ಮಲ್ಲಿ ಭಾಷಾಂತರ ನಿರ್ದೇಶನಾಲಯವಿದೆ. 1963ರ ರಾಜಭಾಷಾ ಅಧಿನಿಯಮವಿದೆ, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವಿದೆ. ಕಪಾಟಿನಲ್ಲಿ ಕನ್ನಡದ ಪಠ್ಯ ಇದ್ದರೆ ಅದನ್ನು ಹೊರತೆಗೆದು ಲೈಸೆನ್ಸಿನ ಜೊತೆ ಕೈಗೆ ಕೊಡಿ, ಇಲ್ಲದಿದ್ದರೆ ಬರೆಸಿ. ಎಂಟು ಪುಟದ ಪುಸ್ತಿಕೆ ಸಾಕು. ಪೊಲೀಸ್ ಇಲಾಖೆ ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ನಡೆಸುತ್ತದೆ. ಗುರಿ ಇಡುವುದನ್ನು ಕನ್ನಡದಲ್ಲೇ ಹೇಳಿಕೊಡುವವರಿಗೆ ಯಾವಾಗ ಗುಂಡು ಹಾರಿಸಬಾರದು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸುವುದು ಕಷ್ಟವೇ?

ನಗರದ ತರುಣರೇ, ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜನ ಟ್ರಂಕು ತೆಗೆಸಿ. ಲೈಸೆನ್ಸಿನ ಅವಧಿ ಎಂದು ಮುಗಿಯುತ್ತದೆ ನೋಡಿ. ಷರತ್ತುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಓದಿ ಹೇಳಿ. ಆಮೇಲೆ ಜಿಲ್ಲಾಧಿಕಾರಿ ಕಚೇರಿಗೆ ಒಂದು ಅರ್ಜಿ ಬರೆಯಿರಿ: ಲೈಸೆನ್ಸಿನ ಷರತ್ತುಗಳ ಕನ್ನಡ ಪ್ರತಿ ಬೇಕು, ಚುನಾವಣೆಯಲ್ಲಿ ಕೋವಿ ಒಪ್ಪಿಸುವ ಬಗ್ಗೆ ಸಮಿತಿಯ ತೀರ್ಮಾನದ ಪ್ರತಿ ಬೇಕು ಎಂದು. ಅರ್ಜಿ ಕನ್ನಡದಲ್ಲಿರಲಿ. ಹಿಂಬರಹ ಇಂಗ್ಲಿಷಿನಲ್ಲಿ ಬಂದರೆ ಪತ್ರಿಕೆಗೆ ಕಳಿಸಿ, ಅದನ್ನು ಹಾಗೆಯೇ ಮುಖಪುಟದಲ್ಲಿ ಅಚ್ಚು ಹಾಕುತ್ತೇವೆ.