ಹೊರಗಿನಿಂದ ಹಾಕಿದ ಚಿಲಕ

ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯ ಹತ್ಯಾಕಾಂಡ ನಡೆದು 2025ರ ಮಾರ್ಚ್ 11ಕ್ಕೆ 25 ವರ್ಷ ತುಂಬಿತು. ಹತ್ಯಾಕಾಂಡ ನಡೆದಾಗ ಈ ತಾಲ್ಲೂಕು ಕೋಲಾರ ಜಿಲ್ಲೆಯಲ್ಲಿತ್ತು. ಅದು ಈಗ ಸೇರಿರುವ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಊರಿನ ಪ್ರಬಲ ಜಾತಿಯ ಒಬ್ಬರ ಕೊಲೆಯಾದ ಬೆನ್ನಿಗೇ ಗುಂಪು ದಲಿತರ ಕೇರಿಗೆ ನುಗ್ಗಿತು. ಮನೆಯ ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಟ್ಟಿತು. ಏಳು ಮಂದಿ ದಲಿತರು ಸುಟ್ಟು ಸತ್ತರು. 2006ರ ಡಿಸೆಂಬರ್‌ನಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. ಸಾಕ್ಷಿಗಳು ಹೇಳಿಕೆ ಬದಲಿಸಿದ್ದರು. 2014ರಲ್ಲಿ ಹೈಕೋರ್ಟ್ ಕೂಡ ಅದೇ ತೀರ್ಪನ್ನು ಎತ್ತಿಹಿಡಿಯಿತು.

ಈ ಕಾಲು ಶತಮಾನದಲ್ಲಿ ಪೊಲೀಸರ ತನಿಖೆ, ಸರ್ಕಾರದ ಪರಿಹಾರ, ರಾಜಕಾರಣಿಗಳ ಭೇಟಿ ಎಲ್ಲದರ ಮೇಲೂ ಸಾಕಷ್ಟು ಬರಹಗಳು ಬಂದಿವೆ. ಆದರೆ ಆ ರಾತ್ರಿ ನಡೆದದ್ದು ಎಂಥ ಕೇಡು ಎಂದು ಕೇಳಿದವರು ಕಡಿಮೆ. ‘ರಾಕ್ಷಸೀ ಕೃತ್ಯ’ ಎಂದು ಬರೆದರೆ ಮುಗಿಯಿತು ಎಂಬ ಧೋರಣೆ. ರಾಕ್ಷಸರು ಮಾಡಿದ್ದಾದರೆ ಮನುಷ್ಯರಾದ ನಮಗೂ ಅದಕ್ಕೂ ಸಂಬಂಧವಿಲ್ಲವಲ್ಲ!

ಆ ಚಿಲಕದ ಬಗ್ಗೆ ಸ್ವಲ್ಪ ಯೋಚಿಸಿ. ಸಿಟ್ಟು ನೆತ್ತಿಗೇರಿದವನು ಕೈಗೆ ಸಿಕ್ಕಿದ್ದನ್ನು ಎತ್ತಿ ಹೊಡೆಯುತ್ತಾನೆ. ಹೊರಗಿನಿಂದ ಚಿಲಕ ಹಾಕುವ ಕೆಲಸ ಬೇರೆ ಥರದ್ದು. ಒಳಗೆ ಜನ ಇದ್ದಾರೆ ಎಂದು ಗೊತ್ತಿರಬೇಕು, ಅವರು ಆಚೆ ಬರಬಾರದು ಎಂದು ನಿಶ್ಚಯಿಸಿರಬೇಕು. ಒಬ್ಬ ಚಿಲಕ ಎಳೆಯಬೇಕು, ಇನ್ನೊಬ್ಬ ಎಣ್ಣೆ ತರಬೇಕು, ಮತ್ತೆ ಕೆಲವರು ಬಿಡಿಸಲು ಬರುವವರನ್ನು ತಡೆಯಬೇಕು. ಉಳಿದವರು ಸುಮ್ಮನೆ ನಿಂತರೂ ಸಾಕು.

ಕೇಡೆಂದರೆ ಒಳಿತಿನ ಕೊರತೆ ಎಂದ ಸಂತ ಅಗಸ್ಟೀನನ ಮಾತು ಇಲ್ಲಿ ಬಹಳ ದೂರ ಬರುವುದಿಲ್ಲ. ಚಿಲಕ ಎಳೆದ ಕೈಯಲ್ಲಿ ಇದ್ದದ್ದು ಬರೀ ಕೊರತೆಯಲ್ಲ, ಗುರಿ. 1793ರಲ್ಲಿ ಕಾಂಟ್ ಬರೆದದ್ದು ಇನ್ನಷ್ಟು ಹತ್ತಿರದ್ದು: ಮನುಷ್ಯನಿಗೆ ನೀತಿ ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೂ ಅದನ್ನು ತನ್ನ ಸ್ವಾರ್ಥದ ಕೆಳಗಿಡುತ್ತಾನೆ. ಇನ್ನು ಹಾನಾ ಅರೆಂಟ್. ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆಯನ್ನು ಜೆರುಸಲೇಮಿನಲ್ಲಿ ಕಂಡು 1963ರಲ್ಲಿ ಪುಸ್ತಕ ಬರೆದ ಆಕೆ, ಘೋರ ಪಾತಕವನ್ನು ಯೋಚಿಸದ ಮಾಮೂಲಿ ಗುಮಾಸ್ತನೂ ನಡೆಸಬಲ್ಲ ಎಂದಳು. ಆ ವಿಚಾರಣೆ ನಡೆದ 1961ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟಾನ್ಲಿ ಮಿಲ್‌ಗ್ರಾಂ ಶುರುಮಾಡಿದ ಪ್ರಯೋಗದಲ್ಲಿ 40 ಜನರ ಪೈಕಿ 26 ಮಂದಿ, ಮೇಲಿನವನು ಹೇಳಿದ ಎಂಬ ಒಂದೇ ಕಾರಣಕ್ಕೆ, ಅಪರಿಚಿತನಿಗೆ 450 ವೋಲ್ಟ್‌ನವರೆಗೂ ವಿದ್ಯುತ್ ಆಘಾತ ಕೊಡುತ್ತಿದ್ದೇವೆಂದು ನಂಬಿಯೇ ಗುಂಡಿ ಒತ್ತಿದರು.

ಆಜ್ಞೆ ಪಾಲಿಸಿ ಮಾಡಿದ ಕೇಡು ಈ ಸೀಮೆಗೆ ಹೊಸದೇನಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಎಂದು ಜನ ಇಂದಿಗೂ ಲೆಕ್ಕ ಕೊಡುತ್ತಾರೆ. ಅದನ್ನು ಮಿಲ್‌ಗ್ರಾಂನ ಕೋಣೆಯಿಂದ ಒಂದಿಷ್ಟು ಅರ್ಥ ಮಾಡಿಕೊಳ್ಳಬಹುದು. ಕಂಬಾಲಪಲ್ಲಿಯಲ್ಲಿ ಸಮವಸ್ತ್ರವಿರಲಿಲ್ಲ, ಮೇಲಧಿಕಾರಿಯಿರಲಿಲ್ಲ. ಅಲ್ಲಿ ಆಜ್ಞೆಯ ಜಾಗದಲ್ಲಿ ಇದ್ದದ್ದು ಒಪ್ಪಿಗೆ.

ಈ ಒಪ್ಪಿಗೆಯನ್ನು ತೂಗಲು ನಮ್ಮಲ್ಲೇ ಒಂದು ಹಳೆಯ ತಕ್ಕಡಿಯಿದೆ. ಜೈನರು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ಎಣಿಸುತ್ತಾರೆ: ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಮೂರೂ ಪಾಪವೇ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಜ ಕೊಯ್ದದ್ದು ಹಿಟ್ಟಿನ ಕೋಳಿಯನ್ನು, ನಿಜವಾದ ಜೀವವನ್ನಲ್ಲ. ಆದರೂ ಅದು ಕೂಗಿತು. ಕೊಲ್ಲುವ ಸಂಕಲ್ಪಕ್ಕಾಗಿ ರಾಜ ಜನ್ಮಜನ್ಮಾಂತರ ಬೇಯುತ್ತಾನೆ. ಕತ್ತಿ ಹಿಡಿಯದೆ ಬರೀ ಒತ್ತಾಯಿಸಿದ ತಾಯಿ ಚಂದ್ರಮತಿಯೂ ಅವನ ಜೊತೆಗೇ ಬೇಯುತ್ತಾಳೆ. ಅರೆಂಟ್‌ಗಿಂತ ಏಳೂವರೆ ಶತಮಾನ ಮೊದಲೇ ಕನ್ನಡದ ಕವಿ ಕೈಯಾರೆ ಮಾಡದವರ ಪಾಪವನ್ನೂ ಇಷ್ಟು ನಿಷ್ಠುರವಾಗಿ ತೂಗಿದ್ದ.

ಧರ್ಮವೊಂದೇ ಕೇಡಿಗೆ ಮದ್ದು ಎಂದು ಇದರಿಂದ ಹೊರಡುವುದಿಲ್ಲ. ಸುಟ್ಟವನ ಪಾಪವನ್ನು ಲೆಕ್ಕ ಹಾಕುವ ಅದೇ ಕರ್ಮಸಿದ್ಧಾಂತವನ್ನು ಸುಟ್ಟುಹೋದವರ ಮೇಲೂ ಹೊರಿಸುವವರಿದ್ದಾರೆ: ‘ಅವರ ಪೂರ್ವಜನ್ಮದ ಕರ್ಮ.’ ಜನ ಜಾತಿಯನ್ನು ಆಚರಿಸುವುದು ಕ್ರೂರಿಗಳಾಗಿರುವುದರಿಂದ ಅಲ್ಲ, ಧಾರ್ಮಿಕರಾಗಿರುವುದರಿಂದ ಎಂದು ಅಂಬೇಡ್ಕರ್ 1936ರಲ್ಲೇ ‘ಜಾತಿ ವಿನಾಶ’ದಲ್ಲಿ ವಾದಿಸಿದ್ದರು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ತೋರಿಸಿದ್ದೂ ಈ ದಾರಿಯನ್ನೇ. ಮನುಷ್ಯ ತನ್ನ ಮನಸ್ಸಾಕ್ಷಿಯನ್ನು ಕೊಲ್ಲುವುದಿಲ್ಲ, ಅದಕ್ಕೆ ಸಮಜಾಯಿಷಿ ಕೊಟ್ಟು ಮಲಗಿಸುತ್ತಾನೆ. ಹೊಣೆಯನ್ನು ಗುಂಪಿಗೆ ಹಂಚುತ್ತಾನೆ, ಸತ್ತವರ ಮೇಲೆಯೇ ತಪ್ಪು ಹಾಕುತ್ತಾನೆ. ‘ಅವರೂ ಸುಮ್ಮನಿರಲಿಲ್ಲ ಬಿಡಿ’ ಎಂಬ ಮಾತು ಕೇಳದ ಊರು ಯಾವುದಿದೆ?

ತಿರುಗಿಬಿದ್ದ ಸಾಕ್ಷಿಗಳನ್ನು ಈ ಅನುಮೋದನೆಯ ಪಟ್ಟಿಗೆ ಸೇರಿಸುವುದು ಅನ್ಯಾಯ. ಪ್ರಬಲರ ಹೊಲದಲ್ಲಿ ಕೂಲಿ ಮಾಡಬೇಕಾದವನು, ಅದೇ ದಾರಿಯಲ್ಲಿ ನೀರು ತರಬೇಕಾದವಳು ಆರು ವರ್ಷ ಕಾದು ಕಟಕಟೆ ಹತ್ತುವಾಗ ಅವರ ಬೆನ್ನಿಗೆ ಯಾರಿದ್ದರು? 1968ರ ಡಿಸೆಂಬರ್ 25ರಂದು ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ ಗುಡಿಸಿಲೊಳಗೆ 44 ದಲಿತರು ಬೆಂದಾಗಲೂ ಭೂಮಾಲೀಕರು ಕೊನೆಗೆ ಹೈಕೋರ್ಟಿನಲ್ಲಿ ಬಿಡುಗಡೆಯಾದರು. ನಮ್ಮದೇ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ದಲಿತರ ಮೇಲೆ ನಡೆದ ದಾಳಿಯ 2014ರ ಪ್ರಕರಣದಲ್ಲಿ ಮಾತ್ರ, ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅಲ್ಲಿ ಸಾಕ್ಷ್ಯ ಉಳಿಯಿತು.

ಕಂಬಾಲಪಲ್ಲಿಯ ಕಾಲಕ್ಕೆ ಇಲ್ಲದ ಎರಡು ಆಸರೆಗಳು ಈಗಿವೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ 15ಎ ಕಲಂ ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆಯ ಹಕ್ಕು ಕೊಟ್ಟಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬಹುದು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ವಕೀಲರಲ್ಲಿ, ಸಂಘಟನೆಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ದೌರ್ಜನ್ಯದ ದೂರು ದಾಖಲಾದ ವಾರದಲ್ಲೇ ಸಾಕ್ಷಿಗಳ ಪರವಾಗಿ ಆ ಅರ್ಜಿಯನ್ನೂ ಬರೆಸಿ, ವಿಚಾರಣೆ ಶುರುವಾಗುವವರೆಗೆ ಕಾಯಬೇಡಿ.