ಅತಿಮಾನುಷ ವೀರರಿಗೆ ಒಲಿಯದ ಆಸ್ಕರ್

ಜನಪ್ರಿಯತೆಯೇ ಪ್ರಶಸ್ತಿಯ ಅಳತೆಗೋಲಾಗಿದ್ದರೆ, ಹಾಲಿವುಡ್‌ನ ಅತಿಮಾನುಷ ವೀರರ ಚಿತ್ರಗಳಿಗೆ ಆಸ್ಕರ್‌ನ ಅಗ್ರಮನ್ನಣೆ ಎಂದೋ ದೊರೆಯಬೇಕಾಗಿತ್ತು. 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಜಗತ್ತಿನಾದ್ಯಂತ 270 ಕೋಟಿ ಡಾಲರಿಗೂ ಮಿಗಿಲಾಗಿ ಗಳಿಸಿತು. ಆದರೆ ಆಸ್ಕರ್‌ನಲ್ಲಿ ಅದಕ್ಕೆ ದೊರೆತದ್ದು ದೃಶ್ಯಚಮತ್ಕಾರಕ್ಕಾಗಿ ಒಂದೇ ಒಂದು ನಾಮನಿರ್ದೇಶನ; ಆ ಪ್ರಶಸ್ತಿಯೂ ‘1917’ ಎಂಬ ಯುದ್ಧಚಿತ್ರದ ಪಾಲಾಯಿತು. ಈ ವೈಪರೀತ್ಯಕ್ಕೆ ಕಾರಣವೇನು?

ತೀರ್ಪುಗಾರರ ಪೂರ್ವಗ್ರಹವೇ ಕಾರಣವೆಂಬುದು ಅಭಿಮಾನಿಗಳ ದೂರು. ಅದರಲ್ಲಿ ಹುರುಳಿಲ್ಲದೆ ಇಲ್ಲ. 2008ರ ‘ದಿ ಡಾರ್ಕ್ ನೈಟ್’ ಎಂಟು ನಾಮನಿರ್ದೇಶನಗಳನ್ನು ಪಡೆದರೂ ಅತ್ಯುತ್ತಮ ಚಿತ್ರದ ಸ್ಪರ್ಧೆಯಲ್ಲಿದ್ದ ಐದು ಚಿತ್ರಗಳ ಸಾಲಿಗೆ ಸೇರಲಿಲ್ಲ. ಮರುವರ್ಷ ಅಕಾಡೆಮಿಯು ಆ ಸಂಖ್ಯೆಯನ್ನು ಹತ್ತಕ್ಕೆ ಏರಿಸಿತು. ಆದರೂ ಆ ಸಾಲಿನಲ್ಲಿ ಇಂಥದೊಂದು ಚಿತ್ರಕ್ಕೆ ಮೊದಲು ಸ್ಥಾನ ದೊರೆತದ್ದು 2018ರ ‘ಬ್ಲ್ಯಾಕ್ ಪ್ಯಾಂಥರ್’ ಮೂಲಕ. ಅದು ವೇಷಭೂಷಣ, ಕಲಾನಿರ್ದೇಶನ, ಸಂಗೀತಗಳಿಗೆ ಮೂರು ಪ್ರಶಸ್ತಿಗಳನ್ನು ಗೆದ್ದಿತಾದರೂ ಅಗ್ರಪ್ರಶಸ್ತಿ ಕೈಗೆಟುಕಲಿಲ್ಲ.

ಆದರೆ ಪೂರ್ವಗ್ರಹವೊಂದೇ ಕಾರಣವೆನ್ನುವುದು ಸರಿಯಲ್ಲ. ಅದ್ಭುತ ಕಲ್ಪನೆಯ ಕಥೆಯೇ ಆದ ‘ದಿ ರಿಟರ್ನ್ ಆಫ್ ದಿ ಕಿಂಗ್’ (2003) ಹನ್ನೊಂದು ನಾಮನಿರ್ದೇಶನಗಳಲ್ಲಿ ಹನ್ನೊಂದನ್ನೂ ಗೆದ್ದಿತು. ಅದು ಮೂರು ಚಿತ್ರಗಳ ಕಥೆಯನ್ನು ನಿಜವಾಗಿಯೂ ಮುಗಿಸಿತ್ತು. ಅತಿಮಾನುಷ ವೀರನ ಕಥೆಗಾದರೋ ಮುಕ್ತಾಯವೇ ಇಲ್ಲ. ಮುಂದಿನ ಚಿತ್ರಕ್ಕಾಗಿ ಅವನು ಉಳಿಯಲೇಬೇಕು. ‘ಲೋಗನ್’ (2017) ಚಿತ್ರದಲ್ಲಿ ನಾಯಕನು ಬಳಲಿ, ಮುಪ್ಪಾಗಿ, ಮರಣ ಹೊಂದಿದನು. ಇಂಥ ಚಿತ್ರಗಳಿಗೆ ಅಪರೂಪವಾದ ಚಿತ್ರಕಥೆಯ ನಾಮನಿರ್ದೇಶನ ಅದಕ್ಕೆ ಸಂದಿತು. 2024ರಲ್ಲಿ ಅದೇ ನಟ ಅದೇ ಪಾತ್ರದಲ್ಲಿ ಮರಳಿ ಬಂದಾಗ, ಆ ಮರಣದ ಗಾಂಭೀರ್ಯವೂ ಕರಗಿತೆನ್ನಬೇಕು.

ನಟನೆಗೆ ಸಂದ ಮನ್ನಣೆಯೂ ಇದನ್ನೇ ಸೂಚಿಸುತ್ತದೆ. ಹೀತ್ ಲೆಡ್ಜರ್ ಅವರಿಗೆ ‘ದಿ ಡಾರ್ಕ್ ನೈಟ್’ ಚಿತ್ರಕ್ಕಾಗಿ ಮರಣೋತ್ತರವಾಗಿ, ವಾಕೀನ್ ಫೀನಿಕ್ಸ್ ಅವರಿಗೆ 2019ರ ‘ಜೋಕರ್’ ಚಿತ್ರಕ್ಕಾಗಿ ಆಸ್ಕರ್ ದೊರೆಯಿತು. ಇಬ್ಬರೂ ಅಭಿನಯಿಸಿದ್ದು ಜೋಕರ್ ಎಂಬ ಪಾತ್ರವನ್ನೇ. ಅವನು ವೀರನಲ್ಲ, ಖಳ. ಅತಿಮಾನುಷ ಶಕ್ತಿಯಿಲ್ಲದ ಮನುಷ್ಯ. ಮಹಾಭಾರತದ ಕರ್ಣನೂ ಕವಚಕುಂಡಲಗಳಿರುವವರೆಗೆ ಬೆರಗು ಮೂಡಿಸುತ್ತಾನೆ. ಅವನ್ನು ದಾನವಿತ್ತ ಮೇಲೆಯೇ ಕಣ್ಣೀರು ತರಿಸುತ್ತಾನೆ.

2018ರಲ್ಲಿ ಅಕಾಡೆಮಿಯು ಜನಪ್ರಿಯ ಚಿತ್ರಕ್ಕೆ ಪ್ರತ್ಯೇಕ ಪ್ರಶಸ್ತಿಯೊಂದನ್ನು ಘೋಷಿಸಿ, ಟೀಕೆಗಳು ಬಂದೊಡನೆ ಅದನ್ನು ಮುಂದೂಡಿತು. ಅದು ಒಳ್ಳೆಯದೇ ಆಯಿತು. ಪ್ರತ್ಯೇಕ ಪಂಕ್ತಿಯಲ್ಲಿ ಕೂರಿಸಿ ಬಡಿಸಿದ ಊಟ ಗೌರವವೆನಿಸದು. ತೀರ್ಪುಗಾರರು ಚಿತ್ರದ ಜಾತಿಯನ್ನು ನೋಡದೆ ಗುಣವನ್ನು ನೋಡಲಿ; ನಿರ್ಮಾಪಕರು ತಮ್ಮ ವೀರನಿಗೆ ನಿಜವಾದ ಸೋಲನ್ನೂ ಸಾವನ್ನೂ ಕೊಡುವ ಧೈರ್ಯ ತೋರಲಿ. ಪ್ರಶಸ್ತಿಗಿಂತ ದೊಡ್ಡ ವಿಷಯವೊಂದು ಇದರಲ್ಲಿ ಅಡಗಿದೆ. ಅಸಂಖ್ಯಾತ ಮಕ್ಕಳು ಧೈರ್ಯವೆಂದರೇನೆಂಬುದನ್ನು ಈ ಚಿತ್ರಗಳಿಂದಲೇ ಕಲಿಯುತ್ತಿದ್ದಾರೆ. ಕಳೆದುಕೊಳ್ಳಲು ಏನೂ ಇಲ್ಲದವನ ಧೈರ್ಯವನ್ನು ಮಾತ್ರ ಕಂಡ ಮಗುವಿಗೆ ಆ ಪಾಠ ಅರ್ಧವೇ ಆಗಿ ಉಳಿಯುತ್ತದೆ.