ಮುಂಗಡ ಹಣ ಮಾಲೀಕನ ಸೊತ್ತಲ್ಲ

ಬಾಡಿಗೆದಾರ ಮನೆ ಬಿಡುವ ದಿನ ಕೀಲಿಕೈ ಸಂಜೆಯೊಳಗೆ ನಮ್ಮ ಕೈ ಸೇರಬೇಕೆಂದು ಮನೆ ಮಾಲೀಕರಾದ ನಾವು ಬಯಸುತ್ತೇವೆ. ಆದರೆ ಆತ ತನ್ನ ಮುಂಗಡ ಹಣ ಕೇಳಿದರೆ, “ಹೊಸಬರು ಬರಲಿ, ಅವರು ಕೊಟ್ಟ ಕೂಡಲೇ ಕೊಡೋಣ” ಎನ್ನುತ್ತೇವೆ. ಈ ಮಾತು ಎಷ್ಟು ರೂಢಿಯಾಗಿದೆಯೆಂದರೆ, ಇದು ಅನ್ಯಾಯವಾಗಿರಬಹುದೆಂಬ ಸಂಶಯವೂ ನಮ್ಮನ್ನು ಕಾಡುವುದಿಲ್ಲ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ಪದ್ಧತಿ ಬಹುಕಾಲದ್ದು. ಬಾಡಿಗೆ 15,000 ರೂಪಾಯಿಯಾದರೆ ಮುಂಗಡ 1,50,000 ರೂಪಾಯಿ. ದರ್ಜಿಯೋ ಆಟೋ ಚಾಲಕನೋ ಆದ ನಮ್ಮ ಸಹೋದರ ಪತ್ನಿಯ ಒಡವೆ ಅಡವಿಟ್ಟು ಅದನ್ನು ಹೊಂದಿಸಿರುತ್ತಾನೆ. ಹೊಸ ಮನೆಗೂ ಅಷ್ಟೇ ಮೊತ್ತ ಬೇಕು. ನಾವು ತಡಮಾಡಿದರೆ ಆತ ಮತ್ತೆ ಸಾಲಕ್ಕೆ ಅಲೆಯಬೇಕು. ಬಡ್ಡಿ ಹರಾಮ್ ಎಂಬ ಪ್ರವಚನಕ್ಕೆ ತಲೆದೂಗುವ ನಾವೇ ಆತನನ್ನು ಬಡ್ಡಿಯ ಬಾಗಿಲಿಗೆ ತಳ್ಳುತ್ತಿಲ್ಲವೇ?

ಮುಂಗಡವನ್ನು ಮುಟ್ಟದೆ ಇಟ್ಟಿದ್ದರೆ ಅದು ಅಮಾನತ್. ಖರ್ಚು ಮಾಡಿದ್ದರೆ ಸಾಲ. ಎರಡರಲ್ಲಿ ಯಾವುದಾದರೂ ಅದು ನಮ್ಮ ಸಂಪಾದನೆಯಲ್ಲ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂಬುದು ಸೂರಃ ಅನ್ನಿಸಾದಲ್ಲಿ ಅಲ್ಲಾಹನ ಆಜ್ಞೆ. ಸಾಮರ್ಥ್ಯವಿದ್ದೂ ಸಾಲ ತೀರಿಸಲು ತಡಮಾಡುವುದು ಅಕ್ರಮವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಹಿಜ್ರತ್‌ನ ಸಂದರ್ಭದಲ್ಲಿ, ಜೀವಕ್ಕೇ ಹೊಂಚು ಹಾಕಿದ್ದ ಮಕ್ಕಾದ ಜನರ ಅಮಾನತ್ತುಗಳನ್ನು ಮರಳಿಸಲೆಂದೇ ಅವರು ಹಝ್ರತ್ ಅಲಿ(ರ)ಯವರನ್ನು ಹಿಂದೆ ಬಿಟ್ಟು ಹೋದರು. ಶತ್ರುಗಳ ಸೊತ್ತನ್ನೂ ಹೀಗೆ ಕಾಪಾಡಿದ ಪ್ರವಾದಿಯ ಅನುಯಾಯಿಗಳು, ಜೊತೆಗೆ ನಮಾಝಿಗೆ ನಿಲ್ಲುವವನ ಹಣವನ್ನು ಆರು ತಿಂಗಳು ಹಿಡಿದಿಡುವುದೇ?

ಇನ್ನು ಬಣ್ಣದ ಲೆಕ್ಕ. ಮೂರು ವರ್ಷ ಜನ ಬಾಳಿದ ಮನೆಯ ಗೋಡೆ ಮಾಸುವುದು ಸಹಜ. ಆ ಬಳಕೆಗೆಂದೇ ನಾವು ಬಾಡಿಗೆ ಪಡೆದಿದ್ದೇವೆ. ಕರಾರಿನಲ್ಲಿಲ್ಲದ ಒಂದು ತಿಂಗಳ ಬಾಡಿಗೆಯನ್ನು ಬಣ್ಣದ ಹೆಸರಿನಲ್ಲಿ ಕತ್ತರಿಸುವುದು ಯಾವ ನ್ಯಾಯ? ಕೇಂದ್ರ ಸರಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆನ್ನುತ್ತದೆ. ಮನೆಯನ್ನು ಮರಳಿ ಪಡೆಯುವಾಗಲೇ ನ್ಯಾಯವಾದ ಬಾಕಿ ಕಳೆದು ಉಳಿದದ್ದನ್ನು ಕೊಡಬೇಕೆನ್ನುತ್ತದೆ. ಬೇರೆ ಕರಾರಿಲ್ಲದಿದ್ದರೆ ಸುಣ್ಣಬಣ್ಣವನ್ನು ಮಾಲೀಕನ ಹೊಣೆಯಲ್ಲಿಯೇ ಇರಿಸುತ್ತದೆ. ಮನುಷ್ಯರು ಬರೆದ ಕರಡಿಗಿರುವ ಈ ನ್ಯಾಯಪ್ರಜ್ಞೆ, ಪಡೆಯುವಾಗ ತುಂಬಿಸಿಕೊಂಡು ಕೊಡುವಾಗ ಕಡಿತ ಮಾಡುವವರಿಗೆ ವಿನಾಶದ ಎಚ್ಚರಿಕೆ ನೀಡುವ ಸೂರಃ ಅಲ್ ಮುತಫ್ಫಿಫೀನ್ ಓದುವ ನಮಗಿರಬೇಡವೇ?

ಬಾಡಿಗೆದಾರರೂ ಹೊಣೆಮುಕ್ತರಲ್ಲ. ಒಡೆದ ಕಿಟಕಿಯನ್ನು ಮುಚ್ಚಿಟ್ಟು, ವಿದ್ಯುತ್ ಬಿಲ್ ಬಾಕಿಯಿರಿಸಿ, ಹೇಳದೆ ಕೇಳದೆ ಹೊರಡುವುದೂ ವಂಚನೆಯೇ. ಸಾಲದ ವ್ಯವಹಾರವನ್ನು ಬರೆದಿಡಲು ಕುರ್‌ಆನ್ ಆದೇಶಿಸಿದೆ. ಮುಂಗಡದ ಮೊತ್ತ, ಮರಳಿಸುವ ದಿನ, ಕಡಿತದ ಕಾರಣ ಇವೆಲ್ಲ ಕರಾರಿನಲ್ಲಿರಲಿ. ಒಳಬರುವಾಗಿನ ಗೋಡೆ, ನಲ್ಲಿಗಳ ಫೋಟೋ ಇಬ್ಬರ ಬಳಿಯೂ ಇರಲಿ.

ಪ್ರವಾದಿ(ಸ) ಜನಾಝದ ಮುಂದೆ ನಿಂತು, ಮೃತನಿಗೆ ಸಾಲವಿದೆಯೇ ಎಂದು ವಿಚಾರಿಸುತ್ತಿದ್ದರು. ನಮ್ಮ ಜನಾಝದ ದಿನ ಹಳೆಯ ಬಾಡಿಗೆದಾರನೊಬ್ಬ ಹಿಂದಿನ ಸಾಲಿನಲ್ಲಿ ನಿಂತಿರಬಹುದು. ಆತ ನಾಚಿಕೆಯಿಂದ ಸುಮ್ಮನಿರಬಹುದು. ಆದರೆ ಲೆಕ್ಕ ಸುಮ್ಮನಿರುವುದಿಲ್ಲ. ಉಮ್ರಾಗೆ ಟಿಕೆಟ್ ಕಾದಿರಿಸುವ ಮೊದಲು ಆ ಹಣವನ್ನು ಮರಳಿಸೋಣ.